ಶಂಕ್ರೆವ್ವ ತೋರಿಸಿದ ಎಮ್ಮೆ

ವಿಜಾಪುರದ ತಾಜಬಾವಡಿಯ ಹಿಂದಿನ ಓಣಿಯಲ್ಲಿ ಶಂಕ್ರೆವ್ವನ ಹಾಲಿಗೆ ನೀರು ಬೆರೆತಿದೆ ಎಂದು ಯಾರೂ ಅಂದದ್ದಿಲ್ಲ. ಅಂದಿದ್ದರೆ ಮರುದಿನದಿಂದ ಅವಳು ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಂಥ ಹೆಂಗಸಿನ ಮೇಲೆ, ಸ್ವಾತಂತ್ರ್ಯ ಬಂದ ವರ್ಷ, ಮೋಸದ ಖಟ್ಲೆ ಬಿತ್ತು. ಅದೂ ಒಂದು ಎಮ್ಮೆಯ ಸಲುವಾಗಿ. ಕೇಳಿದವರಲ್ಲಿ ಅರ್ಧ ಮಂದಿ ನಕ್ಕರು. ಅವಳಿಗೆ ಮಾತ್ರ ಆ ನಗು ಹೊಡೆತಕ್ಕಿಂತ ಹೆಚ್ಚಾಯಿತು.

ಅವಳ ತವರು ಟಿಕೋಟಾ. ಮದುವೆಯಾಗಿ ಬಂದದ್ದು ಗುರಲಿಂಗಪ್ಪ ಎಂಬವನ ಮನೆಗೆ. ಅವನು ಪೇಟೆಯ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಒಂದು ಬೇಸಿಗೆಯಲ್ಲಿ ಜ್ವರ ಬಂದು ಎಂಟೇ ದಿನಕ್ಕೆ ತೀರಿಕೊಂಡ. ಉಳಿದದ್ದು ಆರು ವರ್ಷದ ಮಗಳು ಲಕ್ಕವ್ವ, ಎರಡು ಅಂಕಣದ ಮನೆ, ಒಂದು ಎಮ್ಮೆ. ತವರಿನವರು ಕರೆಯಲು ಬಂದಾಗ ಶಂಕ್ರೆವ್ವ ಹೋಗಲಿಲ್ಲ. ಆ ಒಂದು ಎಮ್ಮೆಯ ಹಾಲು ಮಾರಿ ಇನ್ನೊಂದು ಕಟ್ಟಿದಳು. ಎರಡರ ಮೇಲೆ ಮೂರನೆಯದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಒಂದು ಹಾಲು ಕೊಡುವಾಗ ಇನ್ನೊಂದು ಬತ್ತುವುದು, ಹಿಂಡಿಯ ದರ ಏರುವುದು, ಹೀಗೇ ನಡೆದಿತ್ತು.

ಪಕ್ಕದ ಮನೆ ಹಾಜಿರಾಬಿಯದು. ಅವಳ ಗಂಡ ಹುಸೇನಸಾಬನಿಗೆ ಟಾಂಗಾ ಇತ್ತು, ಅವಳಿಗೆ ಮೂರು ಎಮ್ಮೆ. ಎರಡೂ ಮನೆಯ ನಡುವೆ ಒಂದೇ ಗೋಡೆ, ಆ ಗೋಡೆಗೆ ಆಳೆತ್ತರವೂ ಇಲ್ಲ. ಇವರು ಅಲ್ಲಿಂದ ಬೆಂಕಿ ತರುತ್ತಿದ್ದರು, ಅವರು ಇಲ್ಲಿಂದ ಹೆಪ್ಪು ಒಯ್ಯುತ್ತಿದ್ದರು.

ಆ ಓಣಿಯ ಒಂದು ನಡವಳಿಕೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಯಾರದಾದರೂ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಓಣಿಯ ಒಳ್ಳೊಳ್ಳೆಯ ಸಾಮಾನೆಲ್ಲ ಆ ಮನೆಗೆ ಹೋಗುತ್ತಿತ್ತು. ಒಬ್ಬರ ತಾಮ್ರದ ಹಂಡೆ, ಇನ್ನೊಬ್ಬರ ಜಮಖಾನೆ, ಮತ್ತೊಬ್ಬರ ಗೋಡೆ ಗಡಿಯಾರ. ಜೋಳದ ಚೀಲ ಸಾಲದಿದ್ದರೆ ಹೊಟ್ಟು ತುಂಬಿ ಬಾಯಿ ಹೊಲಿದು ಮೂಲೆಗೆ ನಿಲ್ಲಿಸುತ್ತಿದ್ದರು. ಹಾಜಿರಾಬಿಯ ಹಂಡೆ ಹನ್ನೊಂದು ಹೆಣ್ಣುಮಕ್ಕಳ ಮದುವೆ ಕುದುರಿಸಿದೆ ಎಂದು ಹೆಂಗಸರು ನಗುತ್ತಿದ್ದರು. ಇದಕ್ಕೆ ಯಾರೂ ಸುಳ್ಳು ಅನ್ನುತ್ತಿರಲಿಲ್ಲ. ನೋಡಲು ಬಂದವರಿಗೆ ಮನೆ ತುಂಬಿ ಕಾಣಬೇಕು, ಅಷ್ಟೇ. ಮರುದಿನ ಸಾಮಾನು ತನ್ನ ತನ್ನ ಮನೆಗೆ ಮರಳುತ್ತಿತ್ತು.

ಯುದ್ಧ ಇನ್ನೂ ಮುಗಿದಿರದ ಒಂದು ಚಳಿಗಾಲದಲ್ಲಿ ಲಕ್ಕವ್ವನನ್ನು ನೋಡಲು ಬಬಲೇಶ್ವರದಿಂದ ಬಂದರು. ಹುಡುಗನ ತಂದೆ ಬಸಗೊಂಡಪ್ಪ, ತಾಯಿ ರುದ್ರವ್ವ. ಹದಿನಾರು ಎಕರೆ ಹೊಲ, ಸ್ವಂತ ಬಾವಿ. ಅಂಥ ಮನೆಯವರು ತಾವಾಗಿ ಬರುತ್ತಾರೆಂದು ಸುದ್ದಿ ಬಂದ ದಿನ ಶಂಕ್ರೆವ್ವ ತನ್ನ ಎರಡು ಎಮ್ಮೆಗಳತ್ತ ನೋಡಿದಳು. ಅವಳು ಕೇಳುವ ಮೊದಲೇ ಹಾಜಿರಾಬಿ ತನ್ನ ಮೂರೂ ಎಮ್ಮೆಗಳನ್ನು ಹೊಡೆದುಕೊಂಡು ಬಂದು ಇವಳ ಕೊಟ್ಟಿಗೆಯಲ್ಲಿ ಕಟ್ಟಿದಳು. ಕೊಟ್ಟಿಗೆ ಸಾಲದೆ ಅಂಗಳದಲ್ಲಿ ಎರಡು ಗೂಟ ಹೊಡೆದರು. ಬಂದವರಲ್ಲಿ ರುದ್ರವ್ವ ಹುಡುಗಿಯನ್ನು ಒಮ್ಮೆ ನೋಡಿದಳು, ಎಮ್ಮೆಗಳನ್ನು ಮೂರು ಸಲ ನೋಡಿದಳು. ಬಸಗೊಂಡಪ್ಪ ಕಾಲಾಡಿಸುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಂದ. ಐದು ಎಮ್ಮೆಯ ಮನೆ ಎಂದು ಹೆಣ್ಣು ಒಪ್ಪಿದರು. ಮದುವೆ ಆಯಿತು.

ಅಲ್ಲಿಗೆ ಮುಗಿದಿದ್ದರೆ ಇದು ಹನ್ನೆರಡನೆಯ ಮನೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಲಕ್ಕವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗಂಡುಮಗು ಹುಟ್ಟಿತು. ಐದು ತಿಂಗಳಾದ ಮೇಲೆ ಕರೆದೊಯ್ಯಲು ಬೀಗರು ಬರುತ್ತೇವೆಂದು ಹೇಳಿ ಕಳಿಸಿದರು. ಮತ್ತೆ ಗೋಡೆಯಾಚೆಯಿಂದ ಮೂರು ಎಮ್ಮೆ ಬಂದವು. ಊಟವಾದ ಮೇಲೆ ರುದ್ರವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೊಟ್ಟಿಗೆಯಲ್ಲಿ ನಿಂತು, ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಎಮ್ಮೆಯ ಬೆನ್ನು ಸವರಿದಳು.

"ಐದು ಎಮ್ಮಿ ಕಟ್ಟೀರಿ, ಬೀಗತಿ. ಕೂಸಿಗೆ ಹಾಲು ಬೇಕಲ್ರಿ. ಇದೊಂದನ್ನ ನಮ್ಮ ಜೋಡಿ ಹಚ್ಚಿ ಕೊಡ್ರಿ."

ಅದು ಹಾಜಿರಾಬಿಯ ಎಮ್ಮೆ. ಹಾಜಿರಾಬಿ ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಸದ್ದು ನಿಂತದ್ದು ಶಂಕ್ರೆವ್ವನಿಗೆ ಕೇಳಿಸಿತು. ಆ ಎಮ್ಮೆ ಗಬ್ಬ ಇದೆ, ದಾರಿ ನಡೆಸಬಾರದು, ಇದಕ್ಕಿಂತ ಚಲೋದನ್ನು ಎರಡು ತಿಂಗಳಲ್ಲಿ ಕಳಿಸುತ್ತೇನೆ ಎಂದುಬಿಟ್ಟಳು. ನಾಲಿಗೆ ಹಾಗೆಂದಿತು, ಎಲ್ಲಿಂದ ತರುವುದು ಎಂದು ಯೋಚಿಸಲು ಬೀಗರ ಗಾಡಿ ಓಣಿ ದಾಟಬೇಕಾಯಿತು. ಹೊರಡುವಾಗ ಲಕ್ಕವ್ವ ತಾಯಿಯ ಮುಖ ನೋಡಲಿಲ್ಲ. ಅಗಲುವ ದುಃಖ ಎಂದುಕೊಂಡಳು ಶಂಕ್ರೆವ್ವ.

ಪೇಟೆಯಲ್ಲಿ ಸಣ್ಣ ವ್ಯಾಪಾರದವರಿಗೆ ಸಾಲ ಕೊಡುವ ಒಂದು ಪತ್ತಿನ ಸಂಘವಿತ್ತು. ಹೊಲಿಗೆಯವರಿಗೆ ಮಿಷನ್ನು, ಹಾಲಿನವರಿಗೆ ಎಮ್ಮೆ, ಹೀಗೆ. ಶಂಕ್ರೆವ್ವ ಎರಡು ಎಮ್ಮೆಗೆಂದು ನಾನೂರು ರೂಪಾಯಿ ಸಾಲ ಕೇಳಿದಳು. ಕಾರಕೂನ ಕಾಗದ ಓದಿ ಹೇಳಿದ: ಸಾಲ ಮುಟ್ಟುವ ತನಕ ಎರಡೂ ಎಮ್ಮೆ ನಿನ್ನ ಕೊಟ್ಟಿಗೆಯಲ್ಲಿ ಇರಬೇಕು, ಮಾರಬಾರದು, ಯಾರಿಗೂ ಕೊಡಬಾರದು, ನಮ್ಮವರು ಯಾವಾಗ ಬಂದರೂ ತೋರಿಸಬೇಕು. ಅವಳು ಹೂಂ ಅಂದಳು, ಹೆಬ್ಬೆಟ್ಟು ಒತ್ತಿದಳು. ಕೇಳಿಸಲಿಲ್ಲ ಎಂದಲ್ಲ, ಕೇಳಿಸಿತ್ತು. ಆದರೆ ಅವಳ ಮನಸ್ಸು ಆಗಲೇ ಬಬಲೇಶ್ವರದ ಹಾದಿಯಲ್ಲಿತ್ತು. ಮನೆಯಲ್ಲಿ ಉಳಿದ ಎಮ್ಮೆಯ ಹಾಲಿನಿಂದ ತಿಂಗಳ ಕಂತು ಕಟ್ಟುತ್ತೇನೆ, ಸಂಘಕ್ಕೆ ಬೇಕಾದದ್ದು ಕಂತಲ್ಲವೇ, ಎಮ್ಮೆ ಎಲ್ಲಿ ಮೇದರೇನು ಎಂಬುದು ಅವಳ ಲೆಕ್ಕ.

ವಯಸ್ಸಾಗಿ ಬತ್ತಿದ್ದ ತನ್ನ ಹಳೆಯ ಎರಡನ್ನೂ ಟಿಕೋಟಾದ ಕಡೆಯ ಒಬ್ಬ ಪರಿಚಯದ ರೈತನಿಗೆ ಬಿಟ್ಟುಕೊಟ್ಟು, ಮೇಲೆ ಸಾಲದ ದುಡ್ಡು ಎಣಿಸಿ ಅವನಿಂದ ಎರಡು ಎಮ್ಮೆ ಕೊಂಡಳು. ಒಂದು ಮನೆಗೆ ಬಂತು. ಇನ್ನೊಂದು ಕೊಂಬಿಗೆ ಕೆಂಪು ಬಳಿಸಿಕೊಂಡು ನೇರ ಬಬಲೇಶ್ವರಕ್ಕೆ ಹೋಯಿತು.

ತಿಂಗಳೊಳಗೆ ಸಂಘದಿಂದ ತಪಾಸಣೆಯವರು ನಾಳೆ ನೋಡಲು ಬರುತ್ತಾರೆಂದು ಜವಾನ ಹೇಳಿ ಹೋದ. ನೋಡಲು ಬರುತ್ತಾರೆ ಎಂಬ ಮಾತು ಕೇಳಿದ್ದೇ ಶಂಕ್ರೆವ್ವ ಅಂಗಳ ಸಾರಿಸಿದಳು, ಜಮಖಾನೆ ಇಸಕೊಂಡಳು, ಗೋಡೆಯ ಮೇಲಿಂದ ಹಾಜಿರಾಬಿಯನ್ನು ಕರೆದಳು. ಬಿಳಿ ಚುಕ್ಕೆಯ ಎಮ್ಮೆ ಮೂರನೆಯ ಸಲ ಗೋಡೆ ಸುತ್ತಿ ಬಂದು ನಿಂತಿತು. ಬಂದ ಮನುಷ್ಯ ಜಮಖಾನೆಯ ಮೇಲೆ ಕೂತು, ಕೆನೆ ಹಾಕಿದ ಚಹಾ ಕುಡಿದು, ಇದ್ದಲ್ಲಿಂದಲೇ ಬರೆದುಕೊಂಡ: ಒಂದು ಸುರುಳಿ ಕೊಂಬಿನದು, ಒಂದು ಹಣೆಗೆ ಬಿಳಿ ಚುಕ್ಕೆಯದು. ಅವನು ಬರೆಯುವುದನ್ನು ಶಂಕ್ರೆವ್ವ ನಿಂತು ನೋಡಿದಳು. ಹೆಣ್ಣು ನೋಡಲು ಬಂದವರು ಯಾರೂ ಬರೆದುಕೊಂಡು ಹೋಗಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಆ ಮನುಷ್ಯನ ಬದಲಿ ಬೇರೊಬ್ಬ ಬಂದ, ಹೇಳದೆ ಬಂದ. ಶಂಕ್ರೆವ್ವ ಹಾಲು ಹಾಕಲು ಹೋಗಿದ್ದಳು. ಅವನು ಕೈಯಲ್ಲಿ ಪುಸ್ತಕ ಹಿಡಿದು, ಬಿಳಿ ಚುಕ್ಕೆಯ ಎಮ್ಮೆ ಕಾಣದೆ ಆಚೀಚೆ ನೋಡಿದ, ಗೋಡೆಯಾಚೆ ಕಂಡಿತು. ಇದು ಯಾರದು ಎಂದು ಕೇಳಿದ. ಹಾಜಿರಾಬಿಗೆ ಸಂಘ ಗೊತ್ತಿಲ್ಲ, ಸಾಲದ ಕಾಗದ ಗೊತ್ತಿಲ್ಲ. ನಮ್ಮದೇ, ನಮ್ಮ ಮನೆಯಲ್ಲೇ ಹುಟ್ಟಿದ್ದು ಎಂದು ಹೆಮ್ಮೆಯಿಂದ ಹೇಳಿದಳು. ಮತ್ತೆ ಶಂಕ್ರೆವ್ವನ ಮನೆಯಲ್ಲಿ ಯಾಕೆ ಇತ್ತು ಎಂದದ್ದಕ್ಕೆ, ಯಾರೋ ನೋಡಲು ಬರುತ್ತಾರೆಂದು ಒಂದು ದಿನಕ್ಕೆ ಕೊಟ್ಟಿದ್ದೆ ಎಂದಳು. ಅವನು ಅದನ್ನೂ ಬರೆದುಕೊಂಡ.

ಸಂಜೆ ಎಲ್ಲ ತಿಳಿದ ಮೇಲೆ ಹಾಜಿರಾಬಿ ಗೋಡೆಗೆ ಒರಗಿ ಅತ್ತಳು. "ನಾ ಏನ ಮಾಡಿದ್ನಿ ಅಕ್ಕಾ. ಚಲೋ ಎಮ್ಮಿ ಐತಿ ಅಂದ, ನನಗ ಖುಷಿ ಆತು, ಹೇಳಿಬಿಟ್ನಿ."

ಶಂಕ್ರೆವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳನ್ನು ಈ ಕೆಸರಿಗೆ ಎಳೆದೆನಲ್ಲ ಎಂಬ ನಾಚಿಕೆಯೇ ಬಂತು. ಸಂಘದವರು ದೂರು ಕೊಟ್ಟರು, ಫೌಜದಾರನ ಕಚೇರಿಯಿಂದ ಇಬ್ಬರು ಪೊಲೀಸರು ಹಾಡಹಗಲೇ ಓಣಿಗೆ ಬಂದರು. ಶಂಕ್ರೆವ್ವನನ್ನು ಕರೆದೊಯ್ದರು, ಹಾಜಿರಾಬಿಯ ಹೇಳಿಕೆಯನ್ನೂ ಬರೆಸಿಕೊಂಡರು. ಜಾಮೀನಿಗೆ ನಿಂತವನು ಹುಸೇನಸಾಬ. ಟಾಂಗಾದಲ್ಲಿ ಮನೆಗೆ ಕರೆತರುವಾಗ ಅವಳು ಸೆರಗನ್ನು ಗಲ್ಲದ ತನಕ ಎಳೆದುಕೊಂಡಿದ್ದಳು. ಓಣಿಯ ಬಾಯಿಗೆ ಬಂದಾಗ, ಇಲ್ಲೇ ಇಳಿಸು ಎಂದಳು. ಅವನು ಕುದುರೆ ನಿಲ್ಲಿಸಲಿಲ್ಲ, ಬಾಗಿಲ ತನಕ ತಂದೇ ಇಳಿಸಿದ.

ಕೂಡಲೇ ನಾಲ್ಕು ಮನೆಯ ಹಾಲು ತಪ್ಪಿತು. ಐದನೆಯದೊಂದು ಮನೆ, ನೌಕರಿಯವರದು, ಶಂಕ್ರೆವ್ವ ಹಾಲು ಅಳೆದು ಕೊಡುತ್ತಿದ್ದಾಗ ಅಲ್ಲಿಯ ಹೆಂಗಸು ಅವಳ ಕಣ್ಣೆದುರೇ ಬೆರಳು ಅದ್ದಿ, ಮೇಲೆತ್ತಿ, ಹನಿ ಹೇಗೆ ಬೀಳುತ್ತದೆ ನೋಡಿದಳು. ಹನ್ನೆರಡು ವರ್ಷ ಆ ಮನೆಗೆ ಹಾಲು ಹಾಕಿದ್ದಳು. ಶಂಕ್ರೆವ್ವ ಅಳತೆ ಮುಗಿಸಿ ಎದ್ದಳು. ಮರುದಿನವೂ ಹೋದಳು, ಕಂತು ಕಟ್ಟಬೇಕಿತ್ತು. ಮೊದಲಿನ ಶಂಕ್ರೆವ್ವ ಆಗಿದ್ದರೆ ಹೋಗುತ್ತಿರಲಿಲ್ಲ ಎಂದು ದಾರಿಯಲ್ಲಿ ತಾನೇ ಅಂದುಕೊಂಡಳು.

ವಕೀಲ ಈರಯ್ಯನವರು ವಯಸ್ಸಾದವರು, ಕೆಮ್ಮಿನವರು, ಬಡವರ ಖಟ್ಲೆಗೆ ಮುಂಗಡ ಕೇಳದವರು. ಕಾಗದವನ್ನೆಲ್ಲ ಓದಿ, ಕನ್ನಡಕ ತೆಗೆದು, ಒಂದೇ ಮಾತು ಕೇಳಿದರು: ಸಂಘದ ದುಡ್ಡಿನಲ್ಲಿ ಕೊಂಡ ಎರಡನೆಯ ಎಮ್ಮೆ ಎಲ್ಲಿದೆ?

"ಸತ್ತತಿ ಅಂತ ಬರೀರಿ, ಸಾಹೇಬ್ರ."

"ಸತ್ತರ ಚರ್ಮ ಯಾರಿಗೆ ಕೊಟ್ಟಿ ಅಂತ ಕೇಳತಾರ. ಅಂವನ ಕೈಲೇನೂ ಸುಳ್ಳು ಹೇಳಸ್ತಿ?"

"ಹಂಗಾರ ಮಾರೇನಿ ಅನ್ನೂಣು."

"ಮಾರಿದ್ದಾದ್ರ ಅದ ಗುನ್ಹೆ, ತಂಗಿ. ಒತ್ತಿ ಬಿದ್ದ ಮಾಲು ಮಾರಿದಂಗ. ನಾ ನಿನ್ನ ಬಿಡಸಾಕ ಕುಂತೇನಿ, ಕಟ್ಟಾಕಲ್ಲ."

ಆಗ ಅವಳು, ತಪ್ಪು ಕಬೂಲ ಅಂತ ಬರೆಯಿರಿ, ಜೇಲಿನಲ್ಲಿ ಕೂಡುತ್ತೇನೆ ಎಂದಳು. ಈರಯ್ಯನವರು ಕಾಗದ ಮಡಿಸಿ ಬದಿಗಿಟ್ಟರು. ಇಷ್ಟು ವರ್ಷದಲ್ಲಿ ಜೇಲಿಗೆ ಹೋಗುತ್ತೇನೆಂದು ಹಟ ಹಿಡಿದವರೆಲ್ಲ ಬೇರೆ ಯಾರನ್ನೋ ಕಾಯುತ್ತಿರುತ್ತಾರೆ, ನೀನು ಯಾರನ್ನು ಕಾಯುತ್ತೀ ಎಂದು ಮೆಲ್ಲಗೆ ಕೇಳಿದರು. ಅವಳು ನೆಲ ನೋಡುತ್ತ ಎಲ್ಲ ಹೇಳಿದಳು. ಐದು ಎಮ್ಮೆ ಹೇಳಿದಳು, ರುದ್ರವ್ವನ ಬೇಡಿಕೆ ಹೇಳಿದಳು, ಕೊಂಬಿಗೆ ಬಳಿದ ಕೆಂಪು ಬಣ್ಣವನ್ನೂ ಹೇಳಿದಳು.

ವಕೀಲರು ಅವಳಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಸಾಲ ತೆಗೆದುಕೊಳ್ಳುವ ದಿನ ನಿನ್ನ ಮನಸ್ಸಿನಲ್ಲಿ ಸಂಘವನ್ನು ಮುಳುಗಿಸಬೇಕೆಂದು ಇತ್ತೋ ಇಲ್ಲವೋ, ಕೋರ್ಟು ಕೇಳುವುದು ಅದನ್ನು. ಒಂದು ಕಂತೂ ತಪ್ಪಿಲ್ಲ, ಅದು ನಿನ್ನ ಕಡೆಗಿದೆ. ಎಮ್ಮೆ ಬದುಕಿದೆ, ಮಾರಿಲ್ಲ, ಅದೂ ನಿನ್ನ ಕಡೆಗಿದೆ. ನೋಡಲು ಬಂದವರಿಗೆ ಮನೆ ತುಂಬಿ ತೋರಿಸುವುದು ನಿಮ್ಮ ಓಣಿಯ ರೂಢಿ, ತೋರಿಸಿದ್ದರಲ್ಲಿ ಮೋಸದ ಬುದ್ಧಿ ಇರಲಿಲ್ಲ ಎಂದು ನಾನು ವಾದಿಸಬಲ್ಲೆ. ಆದರೆ ನೀನು ಹೇಳಿದರೆ ಕೋರ್ಟು ನಂಬುವುದಿಲ್ಲ, ಹಾಜಿರಾಬಿ ಹೇಳಿದರೆ ಅವಳೂ ಕೂಡಿದವಳು ಎನ್ನುತ್ತಾರೆ. ಹೇಳಬೇಕಾದವನು ನಿನ್ನ ಬೀಗ.

"ಅಂವ ಬಂದು ಹೇಳಬೇಕು. ಎಮ್ಮಿ ನಮ್ಮ ಮನ್ಯಾಗ ಐತಿ, ನಮಗೂ ಹಿಂಗ ತೋರಿಸಿದ್ರು ಅಂತ."

"ಮಗಳ ಬಾಳೆ ಏನಾಗಬೇಕ್ರಿ ಯಪ್ಪಾ?"

"ನೀ ಜೇಲಿಗೆ ಹೋದ ಸುದ್ದಿ ಬಬಲೇಶ್ವರಕ್ಕ ಹೋಗೂದಿಲ್ಲ ಅಂತ ತಿಳದೀಯೇನು? ಮಂದಿ ಬಾಯಿಂದ ಕೇಳೂದಕಿಂತ ನಿನ್ನ ಬಾಯಿಂದ ಕೇಳ್ಲಿ."

ದೀಪಾವಳಿ ಕಳೆದ ಮೇಲೆ ಅವಳು ಹೊರಟಳು. ಮಗಳ ಮನೆಗೆ ಹೋಗುವಾಗ ಬುತ್ತಿಯಿಲ್ಲದೆ ಹೋಗುವುದುಂಟೇ? ಸಜ್ಜಿ ಹೋಳಿಗೆ, ಶೇಂಗಾ ಉಂಡಿ ಮಾಡಿ ಬುಟ್ಟಿ ತುಂಬಿಕೊಂಡಳು. ಜೈನಾಪುರದ ತನಕ ಒಂದು ಗಾಡಿ ಸಿಕ್ಕಿತು, ಅಲ್ಲಿಂದ ನಡೆದಳು. ಎರಡೂ ಕಡೆ ಜೋಳ ಎದೆಮಟ್ಟ ನಿಂತಿತ್ತು. ಮೊದಲು ಯಾವ ಮಾತು ಆಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಬೀಗರ ಬಾಗಿಲಲ್ಲಿ ಮೊಮ್ಮಗ ಓಡಿಬಂದು ಕಾಲು ಹಿಡಿದಾಗ ಎಲ್ಲ ಕೆದರಿಹೋಯಿತು.

ರುದ್ರವ್ವ ಚಲೋ ಮಾಡಿಯೇ ಬರಮಾಡಿಕೊಂಡಳು. ಅದೇ ಕಷ್ಟವಾಯಿತು. ಪಕ್ಕದ ಮನೆಯ ಹೆಂಗಸರನ್ನು ಕರೆದು, ನಮ್ಮ ಬೀಗತಿ, ವಿಜಾಪುರದಾಗ ದೊಡ್ಡ ಹೈನಿನವರು ಎಂದು ಪರಿಚಯಿಸಿದಳು. ಶಂಕ್ರೆವ್ವ ನೀರು ಕುಡಿದ ತಂಬಿಗೆ ಕೆಳಗಿಡದೆ ಹಿಡಿದೇ ಕೂತಿದ್ದಳು. ಆಮೇಲೆ ಮಗಳು ಹಾಲು ಹಿಂಡುತ್ತಿದ್ದಲ್ಲಿಗೆ ಎದ್ದು ಹೋದಳು. ಸಾಲದ ಎಮ್ಮೆ ಮೈತುಂಬಿಕೊಂಡು ನಿಂತಿತ್ತು. ಅವಳು ನಿಂತಲ್ಲೇ ಖಟ್ಲೆಯ ಸಂಗತಿ ಹೇಳಿದಳು. ಲಕ್ಕವ್ವ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನನಗ ಹೇಳೂದೇನ ಐತಿ, ಯವ್ವಾ. ಮೂರು ವರ್ಷ ಆತು, ನಮ್ಮತ್ತಿ ದಿನಾ ಯಾರಿಗರೆ ಐದು ಎಮ್ಮಿ ಹೇಳತಾಳ. ನಾ ರೊಟ್ಟಿ ಬಡಕೋತ ಕೇಳತೇನಿ. ಒಂದಿನ ಸೈತ ತಲಿ ಎತ್ತಿ ಕುಂತಿಲ್ಲ ಈ ಮನ್ಯಾಗ."

ಶಂಕ್ರೆವ್ವ ಮಗಳ ಮಾನ ಕಾಯಲೆಂದು ಇಷ್ಟೆಲ್ಲ ಮಾಡಿದೆ ಎಂದುಕೊಂಡಿದ್ದಳು. ಆ ಮಾನ ಮಗಳಿಗೆ ಒಂದು ದಿನವೂ ದಕ್ಕಿರಲಿಲ್ಲ.

ಪಡಸಾಲೆಗೆ ಬಂದು, ಬಸಗೊಂಡಪ್ಪನೂ ಇರುವಾಗ, ಕೈ ಮುಗಿದು ನಿಂತೇ ಹೇಳಿದಳು. ಜೋಡಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ. ನಮ್ಮವು ಎರಡೇ ಇದ್ದವು ಎಂಬಲ್ಲಿಂದ ಶುರು ಮಾಡಿದಳು. ರುದ್ರವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಕೂಗಲಿಲ್ಲ. ಎದುರಿಗಿದ್ದ ಹೋಳಿಗೆಯ ಬುಟ್ಟಿಯನ್ನು ಕೈಯಿಂದ ಹೊಸ್ತಿಲ ತನಕ ಸರಿಸಿದಳು.

"ಊರ ತುಂಬ ಹೇಳಕೋತ ಅಡ್ಡಾಡೇನಿ ನಾನು. ನೀವು ಒಳಗ ಎಷ್ಟ ನಕ್ಕಿರಬೇಕು. ಎಮ್ಮಿ ಹೊಡಕೊಂಡ ಹೋಗ್ರಿ. ಅದರ ಜೋಡಿ ನಿಮ್ಮ ಮಗಳನ್ನೂ ಕರಕೊಂಡ ಹೋಗ್ರಿ."

ನಕ್ಕಿಲ್ರಿ ಎಂದು ಶಂಕ್ರೆವ್ವ ಮತ್ತೆ ಕೈ ಮುಗಿದಳು, ರುದ್ರವ್ವ ಮುಖ ತಿರುಗಿಸಿದಳು. ಬಸಗೊಂಡಪ್ಪ ಅಷ್ಟು ಹೊತ್ತೂ ಬಾರುಕೋಲಿನ ತುದಿ ಕೆರೆಯುತ್ತ ಕೂತಿದ್ದ. ಖಟ್ಲೆ ಯಾವ ತಾರೀಖಿಗೆ ಎಂದು ಕೇಳಿದ. ಹೇಳಿದಳು. ಅವನು ಎದ್ದು ಹೊಲಕ್ಕೆ ಹೋದ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಲಕ್ಕವ್ವನ ಗಂಡ ಊರಲ್ಲಿರಲಿಲ್ಲ. ಅವನು ಬಂದ ಮೇಲೆ ನೋಡೋಣ ಎಂದು ಮಗಳು ಬಾಗಿಲ ತನಕ ಬಂದು ಪಿಸುಗುಟ್ಟಿದಳು. ಶಂಕ್ರೆವ್ವ ಬುಟ್ಟಿ ಹೊತ್ತು ಬಂದ ದಾರಿಯಲ್ಲೇ ಮರಳಿದಳು. ಹೋಳಿಗೆಯನ್ನು ಜೈನಾಪುರದ ಹತ್ತಿರ ಕಳೆ ಕೀಳುತ್ತಿದ್ದ ಹೆಂಗಸರಿಗೆ ಹಂಚಿದಳು. ಏನು ಹಬ್ಬ ಯವ್ವಾ ಎಂದು ಅವರು ಕೇಳಿದರು.

ತಾರೀಖಿನ ದಿನ ಕೋರ್ಟಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಅವಳು, ಹಾಜಿರಾಬಿ, ಹುಸೇನಸಾಬ ಕೂತರು. ಹನ್ನೊಂದಾಯಿತು, ಬಬಲೇಶ್ವರದವರ ಸುಳಿವಿಲ್ಲ. ಒಳಗೆ ಸಂಘದ ಮೊದಲನೆಯ ತಪಾಸಣೆಯವನ ಸಾಕ್ಷಿ ನಡೆಯಿತು. ಎಮ್ಮೆಯನ್ನು ಮುಟ್ಟಿ ನೋಡಿದಿರಾ, ಹಾಲು ಹಿಂಡಿಸಿ ನೋಡಿದಿರಾ ಎಂದು ಈರಯ್ಯನವರು ಕೇಳಿದರು. ಇಲ್ಲ ಎಂದ. ಎಷ್ಟು ದೂರದಿಂದ ನೋಡಿದಿರಿ ಎಂದರು. ಕೂತಲ್ಲಿಂದ ಎಂದ. ಏನು ಕುಡಿಯುತ್ತಿದ್ದಿರಿ ಎಂದದ್ದಕ್ಕೆ ಕೋರ್ಟಿನಲ್ಲಿ ಸಣ್ಣಗೆ ನಗು ಎದ್ದಿತು. ಕಟಕಟೆಯಲ್ಲಿ ನಿಂತ ಶಂಕ್ರೆವ್ವನಿಗೆ ಆ ನಗುವೂ ತನ್ನದೇ ಮೇಲೆ ಎನಿಸಿತು. ಆ ಮನುಷ್ಯನ ಕಿವಿ ಕೆಂಪಾದದ್ದು ನೋಡಿ, ಇವನಿಗೂ ನನ್ನಿಂದ ನಾಚಿಕೆ ತಪ್ಪಲಿಲ್ಲವಲ್ಲ ಎಂದುಕೊಂಡಳು.

ಮಧ್ಯಾಹ್ನದ ಮೇಲೆ ಬಸಗೊಂಡಪ್ಪ ಬಂದ. ಒಬ್ಬನೇ ಬಂದಿರಲಿಲ್ಲ, ಹದಿನೈದು ಮೈಲಿ ಮೆಲ್ಲಗೆ ನಡೆಸಿಕೊಂಡು ಎಮ್ಮೆಯನ್ನೂ ತಂದಿದ್ದ. ಅದನ್ನು ಬೇವಿನ ಗಿಡಕ್ಕೆ ಕಟ್ಟಿ, ತಲೆಯ ಪಟಗ ಸರಿಮಾಡಿಕೊಂಡು ಒಳಗೆ ಬಂದು ಸಾಕ್ಷಿಯ ಕಟ್ಟೆ ಹತ್ತಿದ. ಶಂಕ್ರೆವ್ವನ ಕಡೆ ನೋಡಲಿಲ್ಲ.

ಎಮ್ಮೆ ತನ್ನ ಮನೆಯಲ್ಲಿತ್ತು, ಸೊಸೆಗೆ ತವರಿನಿಂದ ಬಂದದ್ದು, ಸಾಲದ್ದೆಂದು ಗೊತ್ತಿರಲಿಲ್ಲ ಎಂದು ಹೇಳಿದ. ಹೆಣ್ಣು ನೋಡಲು ಹೋದಾಗ ಎಷ್ಟು ಎಮ್ಮೆ ತೋರಿಸಿದರು ಎಂದು ಈರಯ್ಯನವರು ಕೇಳಿದರು. ಐದು ಎಂದ. ಐದೂ ಅವರವೇ ಎಂದು ನಂಬಿದಿರಾ ಎಂದರು. ಬಸಗೊಂಡಪ್ಪ ತಲೆ ಅಲ್ಲಾಡಿಸಿದ.

"ಇಲ್ರಿ. ಹಿತ್ತಲಕ ಹೋಗಿದ್ನಿ. ತಿಪ್ಪಿ ಸಣ್ಣದಿತ್ತು, ಕುಳ್ಳು ಎರಡು ಎಮ್ಮಿ ಸಗಣಿದಷ್ಟ ಇದ್ವು. ಐದರಾಗ ಮೂರು ಎಮ್ಮಿ ಬಾಜೂ ಮನಿ ಕಡೆ ಮಾರಿ ಮಾಡಿ ಹಗ್ಗ ಜಗ್ಗತಿದ್ವು. ದನಾ ಕಟ್ಟಿದ ಮನುಷ್ಯಾಗ ಇದು ತಿಳಿಯೂದಿಲ್ಲೇನ್ರಿ."

ತಿಳಿದೂ ಯಾಕೆ ಸಂಬಂಧ ಒಪ್ಪಿದಿರಿ ಎಂದು ಸರಕಾರಿ ವಕೀಲ ಎದ್ದು ಕೇಳಿದ.

"ಎಲ್ಲಾರೂ ಹಂಗ ತೋರಸ್ತಾರ್ರಿ. ನಮ್ಮ ಹುಡುಗನ್ನ ನೋಡಾಕ ಇವರು ಬರೂ ಮುಂದ ನಾವೂ ನಿಡೋಣಿಯಿಂದ ಒಂದು ಜೋಡಿ ಎತ್ತು ತಂದು ಕಟ್ಟಿದ್ವಿ."

ಈ ಸಲ ಯಾರೂ ನಗಲಿಲ್ಲ, ಅಥವಾ ನಕ್ಕರೂ ಶಂಕ್ರೆವ್ವನಿಗೆ ಕೇಳಿಸಲಿಲ್ಲ. ಮ್ಯಾಜಿಸ್ಟ್ರೇಟ ಸಾಹೇಬರು ಬರೆಯುವುದನ್ನು ಬಿಟ್ಟು ತಲೆ ಎತ್ತಿದರು. ಅವರ ಬಳಿ ಎರಡೇ ಎಮ್ಮೆ ಎಂದು ಗೊತ್ತಿದ್ದರೆ ಮನೆಯವರು ಎಮ್ಮೆ ಬೇಡಿದಾಗ ನೀನು ಯಾಕೆ ಸುಮ್ಮನಿದ್ದೆ ಎಂದು ತಾವೇ ಕೇಳಿದರು.

ಬಸಗೊಂಡಪ್ಪ ಕಟ್ಟೆಯ ಕಟ್ಟಿಗೆ ಹಿಡಿದುಕೊಂಡ.

"ಬಂದ್ರ ಬರ್ಲಿ ಅನಕೊಂಡ್ನಿ, ಸಾಹೇಬ್ರ. ಎಲ್ಲಿಂದ ತರತಾಳ ಅಂತ ಕೇಳಲಿಲ್ಲ. ಅದು ನಂದ ತಪ್ಪು."

ಸಾಕ್ಷಿ ಮುಗಿದ ಮೇಲೆ ಅವನು ಕೆಳಗಿಳಿದು ಗೋಡೆಯ ಕಡೆ ಮುಖ ಮಾಡಿ ನಿಂತ. ಊರ ಮುಂದೆ ಗೌಡಿಕೆಯಿಂದ ಓಡಾಡುವ ಮನುಷ್ಯ, ಪರ ಊರಿನ ಕೋರ್ಟಿನಲ್ಲಿ ತನ್ನ ಆಸೆಯನ್ನು ತಾನೇ ಬಿಚ್ಚಿಟ್ಟು ನಿಂತದ್ದನ್ನು ಅವಳಿಗೆ ನೋಡಲಾಗಲಿಲ್ಲ. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಎಂಟು ದಿನ ಬಿಟ್ಟು ತೀರ್ಪು ಬಂತು. ಹೇಳಿದ್ದು ಸುಳ್ಳು ಹೌದು, ಕಾಗದದ ಕರಾರು ಮುರಿದದ್ದೂ ಹೌದು. ಆದರೆ ಹಣ ಮುಳುಗಿಸುವ ಬುದ್ಧಿ ಕಾಣುವುದಿಲ್ಲ, ಕಂತು ಒಂದೂ ತಪ್ಪಿಲ್ಲ, ಒತ್ತೆಯ ಎಮ್ಮೆ ಕಣ್ಣ ಮುಂದಿದೆ ಎಂದು ಸಾಹೇಬರು ಅವಳನ್ನು ಬಿಟ್ಟರು. ಬಿಡುವಾಗ, ಮುದುಕಿ, ಇನ್ನು ಮೇಲೆ ಇದ್ದಷ್ಟೇ ತೋರಿಸು ಎಂದರು. ಅವಳಿಗೆ ಆಗ ನಲವತ್ತಾರೋ ನಲವತ್ತೇಳೋ. ಮುದುಕಿ ಎಂದದ್ದನ್ನು ಅವಳು ಅಲ್ಲಗಳೆಯಲಿಲ್ಲ. ಸಾಲ ಮುಟ್ಟುವ ತನಕ ಎಮ್ಮೆ ಅವಳ ಕೊಟ್ಟಿಗೆಯಲ್ಲೇ ಇರಬೇಕೆಂದು ಸಂಘದವರು ಬರೆಸಿಕೊಂಡರು. ಹಾಗೆ ಬಬಲೇಶ್ವರದ ಮನೆಯ ಎಮ್ಮೆ ತಾಜಬಾವಡಿಗೆ ಬಂತು, ಮೊಮ್ಮಗನ ಹಾಲು ತಪ್ಪಿತು. ಖಟ್ಲೆ ಗೆದ್ದೆ ಎಂದು ಅವಳು ಯಾರ ಮುಂದೂ ಹೇಳಿಕೊಳ್ಳದೆ ಇದ್ದದ್ದು ಇದಕ್ಕೇ.

ಲಕ್ಕವ್ವನನ್ನು ತವರಿಗೆ ಅಟ್ಟಲಿಲ್ಲ. ಕೋರ್ಟಿನಿಂದ ಮರಳಿದ ಬಸಗೊಂಡಪ್ಪ ಮನೆಯಲ್ಲಿ ಏನು ಹೇಳಿದನೋ, ರುದ್ರವ್ವ ಆ ಮಾತು ಮತ್ತೆ ಎತ್ತಲಿಲ್ಲ. ಆದರೆ ಬೀಗತಿಯ ಜೊತೆ ಮಾತು ಬಿಟ್ಟಳು. ಒಂದು ಸಲ ಲಕ್ಕವ್ವ ಗಂಡನ ಜೊತೆ ವಿಜಾಪುರದ ಪೇಟೆಗೆ ಬಂದವಳು ಅರ್ಧ ತಾಸು ತಾಯಿಯ ಮನೆಯಲ್ಲಿ ಕೂತಳು. ಹೊರಡುವಾಗ ಶಂಕ್ರೆವ್ವ ಒಳಗಿನಿಂದ ಏನೋ ಗಂಟು ತರಲು ಹೋದಾಗ ಕೈ ಹಿಡಿದು ನಿಲ್ಲಿಸಿದಳು.

"ಏನೂ ಕೊಡಬ್ಯಾಡ, ಯವ್ವಾ. ನೀ ಬರೂ ಮುಂದನೂ ಏನೂ ತರಬ್ಯಾಡ. ಸುಮ್ಮ ಬಾ."

ಸಾಲ ಮುಟ್ಟಲು ಮತ್ತೊಂದು ವರ್ಷ ಹಿಡಿಯಿತು. ಬಿಟ್ಟುಹೋದ ನಾಲ್ಕು ಮನೆಗಳಲ್ಲಿ ಎರಡು ಮರಳಿದವು. ಬೆರಳು ಅದ್ದಿ ನೋಡಿದ ಮನೆಗೆ ಅವಳು ಹಾಲು ಹಾಕುತ್ತಲೇ ಇದ್ದಳು. ಓಣಿಯಲ್ಲಿ ಹೆಣ್ಣು ನೋಡುವವರು ಬಂದಾಗ ಹಾಜಿರಾಬಿಯ ಹಂಡೆ ಮೊದಲಿನಂತೆ ಹೊರಡುತ್ತಿತ್ತು. ಎಮ್ಮೆ ಮಾತ್ರ ಹೊರಡುತ್ತಿರಲಿಲ್ಲ.

ನಲವತ್ತೊಂಬತ್ತರಲ್ಲಿ ಲಕ್ಕವ್ವನಿಗೆ ಬಬಲೇಶ್ವರದಲ್ಲೇ ಎರಡನೆಯ ಹೆರಿಗೆಯಾಯಿತು, ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಶಂಕ್ರೆವ್ವ ಹೋದಳು. ಮನೆಯಲ್ಲಿ ಕುಪ್ಪಸದ ಬಟ್ಟೆ, ಕುಂಚಿಗೆ, ಕೂಸಿನ ಕೈಗೆ ಸಣ್ಣ ಬೆಳ್ಳಿಯ ಬಿಂದಲಿ ತೆಗೆದು ಮತ್ತೆ ಮತ್ತೆ ನೋಡಿದ್ದಳು. ಕುಂಚಿಗೆ ಮತ್ತು ಕುಪ್ಪಸ ತನ್ನ ದುಡ್ಡಿನವು, ಬಿಂದಲಿಗೆ ಅಕ್ಕಸಾಲಿಗನಲ್ಲಿ ಬಾಕಿ ಹೇಳಿದ್ದಳು. ಕೊನೆಗೆ ಎಲ್ಲವನ್ನೂ ಒಳಗಿಟ್ಟು ಬಾಗಿಲು ಹಾಕಿದಳು. ಮೋಟಾರಿನಲ್ಲಿ ಕೂತಾಗ ಕೈ ಎಲ್ಲಿಡಬೇಕೋ ತಿಳಿಯದೆ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಪಡಸಾಲೆ ತುಂಬ ಹೆಂಗಸರಿದ್ದರು. ಬಾಣಂತಿಯ ತಾಯಿ ಬಂದಳೆಂದು ಜಾಗ ಮಾಡಿಕೊಟ್ಟರು. ಒಬ್ಬಾಕೆ ಅವಳ ಬೆನ್ನ ಹಿಂದೆ ನೋಡಿದಳು, ಗಂಟು ಯಾರಾದರೂ ಹೊತ್ತು ತರುತ್ತಿದ್ದಾರೇನೋ ಎಂದು. ಯಾರೂ ತರಲಿಲ್ಲ. ತವರಿನವರು ಕೂಸಿಗೆ ಏನು ತಂದರು ಎಂದು ಇನ್ನೊಬ್ಬಾಕೆ ಎಲ್ಲರಿಗೂ ಕೇಳುವಂತೆ ಕೇಳಿದಳು. ಲಕ್ಕವ್ವ ತೊಟ್ಟಿಲ ಹಗ್ಗ ಹಿಡಿದವಳು ಹಾಗೇ ನಿಂತಳು. ಶಂಕ್ರೆವ್ವನ ನಾಲಿಗೆ ತುದಿಗೆ ಒಂದು ಮಾತು ಬಂದಿತ್ತು, ಅಕ್ಕಸಾಲಿಗ ಇನ್ನೂ ಕೊಟ್ಟಿಲ್ಲ, ಬರುವ ವಾರ ಕಳಿಸುತ್ತೇನೆ ಎಂದು. ಅದನ್ನು ನುಂಗಿದಳು.

ಉತ್ತರ ಕೊಟ್ಟವಳು ರುದ್ರವ್ವ. ಎರಡು ವರ್ಷದ ಮೇಲೆ ಬೀಗತಿಯ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು. ಮುಖ ಮಾತ್ರ ಬೇರೆ ಕಡೆಗಿತ್ತು.

"ಅವರ ಮನ್ಯಾಗ ಎರಡು ಎಮ್ಮಿ ಅದಾವ. ಹಾಲು ಮಾರಿ ಹೊಟ್ಟಿ ತುಂಬಸ್ಕೋತಾರ. ಏನ ತರಬೇಕವರು?"

ಹೆಂಗಸರೆಲ್ಲ ಶಂಕ್ರೆವ್ವನತ್ತ ತಿರುಗಿದರು. ಅವಳ ಕಿವಿ, ಕುತ್ತಿಗೆ ಬಿಸಿಯಾದವು. ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಬೀಗತಿ ಆಡಿದ ಮಾತಿನಲ್ಲಿ ಅವಳು ತಿದ್ದಬೇಕಾದದ್ದು, ಮುಚ್ಚಬೇಕಾದದ್ದು ಏನೂ ಉಳಿದಿರಲಿಲ್ಲ. ಹೌದ್ರಿ, ಎರಡೇ ಎಂದಳು. ಧ್ವನಿ ತೀರ ಸಣ್ಣದಾಗಿ ಬಂತು. ಲಕ್ಕವ್ವ ಹಗ್ಗ ಬಿಟ್ಟು, ಕೂಸನ್ನು ಎತ್ತಿ ತಂದು ತಾಯಿಯ ಕೈಯಲ್ಲಿ ಹಾಕಿದಳು.